ತಾನಾಗಿ ಮುಚ್ಚಿಕೊಳ್ಳುವ ಕಣ್ಣು ಮತ್ತು ಸಮ್ಮೋಹನ ಚಿಕಿತ್ಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಗಾವತಿಯಲ್ಲಿರುವ ನನ್ನ ಸೋದರತ್ತೆಯವರಿಗೆ ವಯಸ್ಸು 58 ದಾಟಿದ ಮೇಲೆ ಎರಡೂ ಕಣ್ಣುಗಳು ಪಟಪಟನೆ ಬಡಿದುಕೊಳ್ಳತೊಡಗಿದವು. ಹೆಂಗಸರಿಗೆ ಎಡಗಣ್ಣು ಹಾರಿದರೆ ಒಳ್ಳೆಯದೆಂಬ ಮಾತಿನಲ್ಲೇ ಮನೆಯವರು ಕೆಲವು ದಿನ ಸಮಾಧಾನಪಟ್ಟರು. ಆರು ತಿಂಗಳು ಕಳೆಯುವಷ್ಟರಲ್ಲಿ ರೆಪ್ಪೆಗಳು ಬಿಗಿದು ಮುಚ್ಚಿಕೊಂಡರೆ ತೆರೆಯುವುದೇ ಕಷ್ಟವಾಯಿತು. ನಮ್ಮ ಕಡೆಯ ಬಿಸಿಲಿಗೆ ಬಂದರಂತೂ ಎರಡು ಬೆರಳಿನಿಂದ ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿದೇ ಅವರು ರಸ್ತೆ ದಾಟುತ್ತಿದ್ದರು. ಆದರೆ ಸಂಜೆ ಮೊರ ಹಿಡಿದು ಅಕ್ಕಿ ಆರಿಸುತ್ತ ಸೋಬಾನೆ ಪದ ಹಾಡಿಕೊಳ್ಳುವಾಗ ಅದೇ ಕಣ್ಣುಗಳು ನಿರಾಳವಾಗಿ ತೆರೆದಿರುತ್ತಿದ್ದವು. ಇದನ್ನು ಕಂಡ ಕೆಲವರು ನಟನೆ ಎಂದರು. ಆ ಮಾತು ಅವರನ್ನು ರೋಗಕ್ಕಿಂತ ಹೆಚ್ಚು ನೋಯಿಸಿತು.

ಅದು ನಟನೆಯಲ್ಲ. ಬ್ಲೆಫರೋಸ್ಪಾಸಂ ಎಂಬ ಈ ತೊಂದರೆಯಲ್ಲಿ, ಚಲನೆಯನ್ನು ಹದ್ದುಬಸ್ತಿನಲ್ಲಿಡುವ ಮಿದುಳಿನ ಭಾಗಗಳ ಕೆಲಸ ಏರುಪೇರಾಗಿ ಕಣ್ಣಿನ ಸುತ್ತಲಿನ ಸ್ನಾಯು ತಾನಾಗಿ ಬಿಗಿಯುತ್ತದೆ. ಹಾಡುವುದು, ಮಾತನಾಡುವುದು, ಹಣೆಯ ಪಕ್ಕ ಬೆರಳಿಡುವುದು ಕೆಲವರಲ್ಲಿ ಆ ಬಿಗಿತವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ. ನರರೋಗ ವೈದ್ಯರು ಇದನ್ನು ಈ ರೋಗದ ಒಂದು ಗುರುತೆಂದೇ ಕಾಣುತ್ತಾರೆ. ನಿದ್ದೆಗೆಟ್ಟಾಗ ಅಥವಾ ಚಹಾ ಹೆಚ್ಚಾದಾಗ ಒಂದು ರೆಪ್ಪೆ ಕೆಲವು ದಿನ ಅದುರಿ ನಿಲ್ಲುವುದು ಬೇರೆಯೇ ಸಂಗತಿ.

ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು ಇದರ ಮುಖ್ಯ ಚಿಕಿತ್ಸೆ. ಅಮೆರಿಕದಲ್ಲಿ 1989ರಲ್ಲಿ ಮಾನ್ಯತೆ ಪಡೆದ ಈ ಮದ್ದಿನ ಗುಣ ಸುಮಾರು ಮೂರು ತಿಂಗಳು ಇರುತ್ತದೆ. ಹಾಗಾದರೆ ಸಮ್ಮೋಹನಕ್ಕೆ, ಅಂದರೆ ಹಿಪ್ನಾಸಿಸ್‌ಗೆ, ಇಲ್ಲಿ ಏನು ಕೆಲಸ? ಭಯ, ಆಯಾಸ ಮತ್ತು ನಾಲ್ವರ ಮುಂದಿನ ಸಂಕೋಚ ಬಿಗಿತವನ್ನು ಹೆಚ್ಚಿಸುತ್ತವೆ. ಬಿಗಿತ ಹೆಚ್ಚಿದಂತೆ ಭಯವೂ ಬೆಳೆಯುತ್ತದೆ. ಆ ಸುತ್ತನ್ನು ಬಿಡಿಸುವಲ್ಲಿ ಸಮ್ಮೋಹನ ಒದಗಬಹುದು. ಅದು ರೋಗದ ಬೇರನ್ನು ಕಿತ್ತುಹಾಕುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಅದಕ್ಕಾಗಿ ಚುಚ್ಚುಮದ್ದನ್ನು ಬಿಡಬೇಡಿ. ಸಮ್ಮೋಹನ ವಶೀಕರಣವೂ ಅಲ್ಲ. ಎಚ್ಚರವಿದ್ದೇ ಗಮನವನ್ನು ಒಂದೆಡೆ ನಿಲ್ಲಿಸುವ ಸ್ಥಿತಿ ಅದು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. 1843ರಲ್ಲಿ ಈ ವಿಷಯದ ಮೇಲೆ ಗ್ರಂಥ ಪ್ರಕಟಿಸಿದ ವೈದ್ಯ ಜೇಮ್ಸ್ ಬ್ರೇಡ್, ಹೊಳೆಯುವ ವಸ್ತುವೊಂದನ್ನು ರೆಪ್ಪೆ ಮುಚ್ಚುವವರೆಗೂ ದಿಟ್ಟಿಸಿ ನೋಡಿಸುತ್ತಿದ್ದರು. ರೆಪ್ಪೆ ಭಾರವಾಗುತ್ತಿದೆ ಎಂಬ ಮಾತು ಇಂದಿಗೂ ರೂಢಿಯಲ್ಲಿದೆ. ಬೆಳಕೇ ಶೂಲವಾಗಿರುವ, ಕಣ್ಣು ಮುಚ್ಚಿಕೊಳ್ಳುವುದನ್ನೇ ಹೆದರುವ ರೋಗಿಗೆ ಈ ಎರಡೂ ಸಲ್ಲವೆಂಬುದು ನನ್ನ ಅಭಿಪ್ರಾಯ.

ಅತ್ತೆಯವರನ್ನು ನೋಡಿದ ಮನಶ್ಶಾಸ್ತ್ರಜ್ಞೆ ಕಣ್ಣಿನ ಮಾತನ್ನೇ ಎತ್ತಲಿಲ್ಲ. ತೊಡೆಯ ಮೇಲಿಟ್ಟ ಅಂಗೈ ಬೆಚ್ಚಗಾಗುವುದನ್ನು ಗಮನಿಸಿ ಎಂದರು. ಬಳಿಕ ಮೊರದಲ್ಲಿ ಅಕ್ಕಿ ಸರಿಯುವ ಸದ್ದನ್ನೂ ಆ ಸೋಬಾನೆಯ ಸೊಲ್ಲನ್ನೂ ನೆನಪಿಗೆ ತಂದುಕೊಳ್ಳಲು ಹೇಳಿದರು. ನಾಲ್ಕು ಬಾರಿ ಹೋಗಿಬಂದ ಮೇಲೆ ಅವರು ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಕಲಿತರು. ಕಣ್ಣು ಈಗಲೂ ಮುಚ್ಚಿಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದೂ ಇದೆ. ಆದರೆ ಬಸ್ ನಿಲ್ದಾಣದಲ್ಲಿ ಹಾಗಾದಾಗ ಅವರು ಗಾಬರಿಯಾಗುವುದಿಲ್ಲ. ನೆರಳಿಗೆ ಸರಿದು, ಅಂಗೈಯನ್ನು ಕೈಚೀಲದ ಮೇಲಿಟ್ಟುಕೊಂಡು, ಮೆಲ್ಲಗೆ ಪದ ಗುನುಗುತ್ತ ರೆಪ್ಪೆ ಸಡಿಲಾಗುವವರೆಗೆ ಕಾಯುತ್ತಾರೆ.