ಬಾಣಂತಿಯ ಕುತ್ತಿಗೆ ಬಾತರೆ

ಕೇಳುಗರಿಗೆ ನಮಸ್ಕಾರ. ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದಿರುವ ತಾಯಂದಿರೇ, ಈ ಮಾತು ವಿಶೇಷವಾಗಿ ನಿಮಗೆ. ಹೆರಿಗೆಯ ಹೊತ್ತಿನಲ್ಲಾಗಲಿ, ಆದ ಮೇಲಾಗಲಿ ಎದೆ ನೋವು, ಉಬ್ಬಸ, ಕುತ್ತಿಗೆಯ ಬಾವು ಕಂಡರೆ ದಣಿವೆಂದು ಬಿಡಬೇಡಿ. ವೈದ್ಯರಿಗೆ ಎದೆ ತೋರಿಸಿ.

ಕುಂದಗೋಳದ ಕಡೆಯ 20 ವರ್ಷದ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ತಿಣುಕಿ ಹೆತ್ತಿದ್ದಳು. ಒಂದು ತಾಸಿನಲ್ಲಿ ಅವಳ ಮುಖ ಬಾತು ಕಣ್ಣು ಮುಚ್ಚುವಂತಾಗಿ, ದನಿಯೂ ಬದಲಾಯಿತು. ನಂಜೇರಿತೆಂದು ಹೆದರಿದ ತಾಯಿ ಕುತ್ತಿಗೆಗೆ ಬೆಚ್ಚನೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿದ್ದರು. ನಾನು ಅದನ್ನು ಬಿಚ್ಚಿ, ಕೊರಳೆಲುಬಿನ ಮೇಲೆ ಎರಡು ಬೆರಳಿಟ್ಟು ಒತ್ತಿದಾಗ ಚರ್ಮದಡಿ ಚರಚರ ಎಂದಿತು. ಆ ತಾಯಿಯ ಬೆರಳನ್ನೂ ಅಲ್ಲಿಡಿಸಿದೆ. “ಚುರುಮುರಿ ಚೀಲ ಒತ್ತಿದ್ಹಂಗ ಆಗತೈತ್ರಿ ಅಕ್ಕಾರ” ಎಂದರು. ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನೂ ಕೊಡಲಾರೆ.

ಅದು ನಂಜಲ್ಲ, ಗಾಳಿ. ಹೊರಗಿನಿಂದ ಹೊಕ್ಕ ಗಾಳಿಯಲ್ಲ, ಅವಳದೇ ಪುಪ್ಪುಸದ, ಅಂದರೆ ಶ್ವಾಸಕೋಶದ, ಗಾಳಿ. ಉಸಿರು ಬಿಗಿಹಿಡಿದು ತಿಣುಕುವಾಗ ಒತ್ತಡ ಏರಿ, ಪುಪ್ಪುಸದೊಳಗಿನ ಸಣ್ಣ ಗಾಳಿಗೂಡುಗಳು ಒಡೆಯುತ್ತವೆ. ಸೋರಿದ ಗಾಳಿ ರಕ್ತನಾಳಗಳ ಪಕ್ಕದಲ್ಲೇ ದಾರಿ ಮಾಡಿಕೊಂಡು ಎದೆಯ ನಡುವೆ ಸೇರಿ, ಅಲ್ಲಿಂದ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. ಅಮೆರಿಕದ ವೈದ್ಯ ಲೂಯಿಸ್ ಹ್ಯಾಮನ್ 1939ರಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದರಿಂದ ಅವರ ಹೆಸರೇ ಇದಕ್ಕೆ ಉಳಿದಿದೆ. ಲಕ್ಷ ಹೆರಿಗೆಗಳಲ್ಲಿ ಸುಮಾರು ಒಂದರಲ್ಲಿ, ಹೆಚ್ಚಾಗಿ ಚೊಚ್ಚಲಿನಲ್ಲಿ, ಕಾಣುವ ತೊಂದರೆಯಿದು. ಎದೆಯ ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ. ಆ ಹೆಣ್ಣುಮಗಳಿಗೆ ಆಮ್ಲಜನಕ, ನೋವಿನ ಔಷಧ, ವಿಶ್ರಾಂತಿ ಇಷ್ಟೇ ಸಾಕಾಯಿತು. ಐದನೆಯ ದಿನಕ್ಕೆ ಬಾವು ಇಳಿದು ಮೊದಲಿನ ಮುಖ ಮರಳಿತು. ಆದರೆ ಗಾಳಿ ಪುಪ್ಪುಸದ ಸುತ್ತ ತುಂಬಿ ಅದನ್ನು ಕುಗ್ಗಿಸಿದರೆ ಎದೆಗೆ ನಳಿಕೆ ಹಾಕಬೇಕಾದೀತು. ಅದಕ್ಕೇ ಹೇಳುತ್ತೇನೆ, ಬಟ್ಟೆ ಸುತ್ತಬೇಡಿ, ಎದೆ ತೋರಿಸಿ. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು “ಉಸಿರು ಹಿಡಿ, ಜೋರು ಮಾಡು” ಎಂದು ಕೂಗುವುದನ್ನೂ ದಯವಿಟ್ಟು ನಿಲ್ಲಿಸಿ. ಯಾವಾಗ, ಹೇಗೆ ತಿಣುಕಬೇಕೆಂದು ಹೇಳಿಕೊಡಲು ಒಳಗೆ ನರ್ಸ್ ಇದ್ದಾರೆ.

ಸಮಯ ಕಡಿಮೆ ಇರುವುದರಿಂದ ಉಸಿರು ಕಟ್ಟಿಸುವ ಇನ್ನೆರಡು ತೊಂದರೆಗಳನ್ನು ಬೇಗ ಹೇಳುತ್ತೇನೆ. ಒಂದೇ ಕಾಲು ಬಾತು ನೋಯುತ್ತಿದ್ದು, ಥಟ್ಟನೆ ಉಸಿರು ಕಟ್ಟಿದರೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋಗಿರಬಹುದು. ದಿನ ತುಂಬಿದ ಕೊನೆಯ ತಿಂಗಳಿನಿಂದ ಹೆರಿಗೆಯಾಗಿ ಐದು ತಿಂಗಳವರೆಗೆ ಹೃದಯ ಸೋಲುವ ಕಾಯಿಲೆಯೂ ಬರಬಹುದು; ಮಲಗಿದರೆ ಉಸಿರು ಕಟ್ಟಿ, ಎದ್ದು ಕುಳಿತರೆ ಹಗುರವೆನಿಸುವುದು ಅದರ ಗುರುತು. ಇವೆರಡರಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಅವಳನ್ನು ಅಂಗಾತ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿರಿ.