ಅಟ್ಟದ ಮೇಲಿನ ತಂತಿ, ಹತ್ತದ ದೀಪ

ಹಿಂದೆ ಕೇಳಿಸುತ್ತಿರುವ ಸದ್ದು ಹಂಚಿನ ಮೇಲೆ ಬೀಳುವ ಮಳೆಯದ್ದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು ನಾಲ್ಕು ದಿನ ಆಯಿತು. ಆಫೀಸ್ ಕೆಲಸ ಇಲ್ಲಿಂದಲೇ.

ಫೈಬರ್ ನೆಟ್ ಜಗಲಿವರೆಗೆ ಬಂದಿದೆ. ರೂಟರ್ ಅಲ್ಲೇ ಗೋಡೆಗಿದೆ. ನಾನು ಕೂರುವುದು ಮಾತ್ರ ಉಪ್ಪರಿಗೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ವೈಫೈ ಅಷ್ಟು ದೂರ ಬರುವುದೇ ಇಲ್ಲ. ಅದಕ್ಕೇ ಹೋದ ವರ್ಷ ತಮ್ಮ ಅಟ್ಟದ ಮೇಲಿಂದ 25 ಮೀಟರ್ ಲ್ಯಾನ್ ಕೇಬಲ್, ಅಂದರೆ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ನೆಟ್ ತರುವ ತಂತಿ, ಎಳೆದಿದ್ದ. ಅವನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು.

ಈಗ ಅದೇ ಕೇಬಲ್ ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ಏನೂ ಇಲ್ಲ. ಮೂಲೆಯಲ್ಲಿ ಬರೀ ಗ್ಲೋಬ್ ಚಿತ್ರ.

ಮೊದಲ ದಿನ ಸಂಜೆ ಪೂರ್ತಿ ನಾನು ಲ್ಯಾಪ್‌ಟಾಪ್ ಒಳಗೇ ಹುಡುಕಿದೆ. ಡಿವೈಸ್ ಮ್ಯಾನೇಜರ್ ತೆರೆದೆ, ಡ್ರೈವರ್ (ಪೋರ್ಟ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ, ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ. ಯಾವುದೂ ಬೇಕಿರಲಿಲ್ಲ. ಮಾರನೇ ದಿನ ಬೆಳಿಗ್ಗೆ, ಕೇಬಲ್ ಚುಚ್ಚುವ ಪೋರ್ಟ್ ಪಕ್ಕದ ಪುಟ್ಟ ದೀಪ ನೋಡಿದೆ. ಅದು ಹತ್ತಿರಲೇ ಇಲ್ಲ.

ಇದನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಪೋರ್ಟ್‌ನ ಎರಡು ಬದಿ ಎರಡು ಚುಕ್ಕೆ. ತಂತಿಯ ಆ ತುದಿಯಲ್ಲಿ ರೂಟರ್ ಇದೆ ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾದರೆ ಇವು ಹತ್ತುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ದೀಪ ಇರುವುದಿಲ್ಲ, ಆಗ ರೂಟರ್ ಕಡೆಯ ದೀಪ ನೋಡಬೇಕು. ಅಲ್ಲೂ ಕತ್ತಲೆ ಇದ್ದರೆ ಮೊದಲು ಕೇಬಲ್, ಪ್ಲಗ್, ಪೋರ್ಟ್ ನೋಡಿ. ಡ್ರೈವರ್ ಆಮೇಲೆ.

ಹಾಗಾಗಿ ಲ್ಯಾಪ್‌ಟಾಪ್ ಹೊತ್ತುಕೊಂಡು ಜಗಲಿಗೆ ಬಂದೆ. ರೂಟರ್ ಡಬ್ಬಿಯಲ್ಲಿ ಬಂದಿದ್ದ ಒಂದು ಮೀಟರ್ ಕೇಬಲ್ ಹಾಕಿದೆ. ದೀಪ ಹತ್ತಿತು! ಅಂದರೆ ನನ್ನ ಪೋರ್ಟ್ ಸರಿ ಇದೆ, ರೂಟರ್ ಸರಿ ಇದೆ, ಕೆಟ್ಟಿರುವುದು ಉದ್ದದ ಕೇಬಲ್. ಆದರೆ ದೀಪ ಹತ್ತಿದರೂ ನೆಟ್ ಬರಲಿಲ್ಲ. ಆಗ ನಿಜಕ್ಕೂ ಗಾಬರಿ ಆಯಿತು. ಹನ್ನೊಂದಕ್ಕೆ ಮೀಟಿಂಗ್ ಇತ್ತು.

ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿದೆ. ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ನ ಗುರುತಿನ ಸಂಖ್ಯೆ, ಅಂದರೆ ಐಪಿ ವಿಳಾಸ, ಇದರಲ್ಲಿ ಕಾಣುತ್ತದೆ. ಈಥರ್ನೆಟ್ (ತಂತಿ ನೆಟ್) ಅನ್ನುವ ಕಡೆ ಬಂದ ವಿಳಾಸ 10.0.0.25. ನಮ್ಮ ರೂಟರ್ ಕೊಡುವುದು 192.168.1 ಅಂತ ಶುರುವಾಗುವ ವಿಳಾಸ. ನೋಡಿದ ಕೂಡಲೇ ನೆನಪಾಯಿತು. ಹಿಂದೆ ಕೆಲಸದ ಮೇಲೆ ಒಂದು ಕಾರ್ಖಾನೆಗೆ ಹೋಗಿದ್ದಾಗ, ಅಲ್ಲಿನ ಮೆಷಿನ್‌ಗೆ ಕೇಬಲ್ ಹಾಕಲು ಈ ವಿಳಾಸ ನಾನೇ ಕೈಯಾರೆ ಬರೆದಿದ್ದೆ. ವಾಪಸ್ ಬದಲಿಸಿರಲಿಲ್ಲ.

ಹಾಗಾದರೆ ಇಷ್ಟು ದಿನ ಇದೇ ಲ್ಯಾಪ್‌ಟಾಪ್‌ನಲ್ಲಿ ವೈಫೈ ಹೇಗೆ ನಡೆಯುತ್ತಿತ್ತು ಅಂತ ಕೇಳಬಹುದು. ವೈಫೈಗೆ ಒಂದು ಸೆಟ್ಟಿಂಗ್, ತಂತಿಗೆ ಇನ್ನೊಂದು. ಎರಡೂ ಬೇರೆ ಬೇರೆ. ಅದಕ್ಕೇ ಒಂದು ನಡೆಯುತ್ತಿದ್ದರೂ ಇನ್ನೊಂದು ಸುಮ್ನೆ ಕೂತಿರಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ಒಳಗೆ ಹೋಗಿ ಐಪಿ ಅಸೈನ್‌ಮೆಂಟ್ ಪಕ್ಕದ ಎಡಿಟ್ ಒತ್ತಿ, ಆಟೋಮ್ಯಾಟಿಕ್ ಮಾಡಿ. ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೂ ಹಾಗೇ. ನಾನು ಸೇವ್ ಒತ್ತಿದ ತಕ್ಷಣ ಹೊಸ ವಿಳಾಸ ಬಂತು, ನೆಟ್ ಬಂತು. ಮೀಟಿಂಗ್ ಜಗಲಿಯಲ್ಲೇ ಮುಗಿಸಿದೆ.

ನಿಮಗೆ ಅಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ ಅದು ಬೇರೆ ಕಥೆ. ವಿಳಾಸ ಕೊಡಿ ಅಂತ ಲ್ಯಾಪ್‌ಟಾಪ್ ಕೇಳಿದೆ, ರೂಟರ್ ಕಡೆಯಿಂದ ಉತ್ತರ ಬಂದಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ಆಗ ರೂಟರ್ ಆಫ್ ಮಾಡಿ ಆನ್ ಮಾಡಿ, ಕೇಬಲ್ ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ಇನ್ನು ಉದ್ದದ ಕೇಬಲ್. ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಉಪ್ಪರಿಗೆಯ ತುದಿಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ, ಅಡಿಕೆ ಚೀಲಗಳ ಹಿಂದೆ, ಇಲಿ ಕಡಿದಿತ್ತು. ಈ ಜಾಗ ನೋಡಿ. ಬೂದು ಸಿಪ್ಪೆ ಕಿತ್ತುಹೋಗಿದೆ, ಹಸಿರು ತಂತಿ ತುಂಡಾಗಿದೆ, ಕೇಸರಿ ಒಂದು ಎಳೆಯಲ್ಲಿ ನಿಂತಿದೆ. ತಾಮ್ರ ಹೊಳೆಯುತ್ತಿದೆ.

ಟೇಪ್ ಸುತ್ತಿ ಜೋಡಿಸುವುದು ಬೇಡ. ಕಡಿದ ಭಾಗ ಕತ್ತರಿಸಿ ಹೊಸ ಪ್ಲಗ್ ಹಾಕುವುದೇ ಸರಿ. ಪೇಟೆಯಿಂದ ಪ್ಲಗ್ ತಂದೆ, ಪ್ಲಗ್ ಅನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಕೇಬಲ್ ಹುಡುಗನ ಹತ್ತಿರ ಕೇಳಿ ತಂದೆ. ಒಳಗಿರುವುದು ಎಂಟು ತಂತಿ, ನಾಲ್ಕು ಜೋಡಿ. ಎರಡೂ ತುದಿಯಲ್ಲಿ ಬಣ್ಣದ ಸಾಲು ಒಂದೇ ಇರಬೇಕು. ಅದಕ್ಕೇ ಅಪ್ಪಯ್ಯ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಆ ತುದಿಯ ಪ್ಲಗ್ ನೋಡಿ ಓದಿದರು, ನಾನು ಮೇಲೆ ಜೋಡಿಸಿದೆ. ಬಿಳಿ ಕೇಸರಿ, ಕೇಸರಿ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು...

"ಮುಂದಿನದ್ದು ಕಾಫಿ ಬಣ್ಣದ ಗೆರೆ ಇರೋ ಬಿಳಿ, ಆಮೇಲೆ ಬರೀ ಕಾಫಿ ಬಣ್ಣ ಮಾರಾಯ್ತಿ!"

"ಸರಿ ಅಪ್ಪಯ್ಯ, ಕಂದು!"

ಪ್ಲಗ್‌ನ ಕ್ಲಿಪ್ ಕೆಳಗೆ, ತಂತಿ ಒಳಹೋಗುವ ಬಾಯಿ ನಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಮೊದಲನೆಯದು ಬಿಳಿ ಕೇಸರಿ. ಎಂಟೂ ತಂತಿಯ ತುದಿ ಪ್ಲಗ್‌ನ ಮೂತಿವರೆಗೆ ಮುಟ್ಟಿರಬೇಕು. ಹೊರಗಿನ ಸಿಪ್ಪೆಯೂ ಸ್ವಲ್ಪ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಎಳೆದಾಗ ಕಿತ್ತು ಬರುತ್ತದೆ.

ಮೊದಲ ಸಲ ಹಾಕಿದಾಗ ದೀಪ ಹತ್ತಿತು, ಆದರೆ ಲಿಂಕ್ ಸ್ಪೀಡ್, ಅಂದರೆ ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ತಂತಿಯ ವೇಗ, 100 ಎಂಬಿಪಿಎಸ್ ಅಂತ ತೋರಿಸಿತು. ಈ ಪೋರ್ಟ್ 1000ದ್ದು. ಕಾರಣ ಸಿಕ್ಕಿತು, ಕಂದು ತಂತಿ ಮೂತಿವರೆಗೆ ಹೋಗಿರಲಿಲ್ಲ. 100ಕ್ಕೆ ಕೇಸರಿ, ಹಸಿರು ಜೋಡಿ ಎರಡೇ ಸಾಕು. 1000ಕ್ಕೆ ನಾಲ್ಕು ಜೋಡಿಯೂ ಬೇಕು. ನಿಮ್ಮ ಮನೆಯಲ್ಲಿ ತಂತಿ ನೆಟ್ ನಿಧಾನ ಅನ್ನಿಸಿದರೆ ಈ ಅಂಕಿ ಒಮ್ಮೆ ನೋಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಗುಡುಗು ಶುರುವಾಗುವ ಮೊದಲೇ ರೂಟರ್‌ನ ಕರೆಂಟ್ ಮಾತ್ರ ತೆಗೆದರೆ ಸಾಲದು, ಲ್ಯಾನ್ ಕೇಬಲ್ಲೂ ತೆಗೆದಿಡಿ. ಫೈಬರ್‌ನ ಎಳೆ ಗಾಜಿನದ್ದು, ಆ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಲ್ಯಾನ್ ತಂತಿ ತಾಮ್ರದ್ದು. ಸಿಡಿಲಿಗೆ ಪೋರ್ಟ್ ಸುಟ್ಟರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರಲ್ಲ. ಆಗ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ತಂದುಕೊಳ್ಳಬೇಕು.

ಪ್ಲಗ್ ಕತ್ತರಿಸಿ ಎರಡನೇ ಸಲ ಹಾಕಿದೆ. ಈಗ ಸ್ಕ್ರೀನ್ ನೋಡಿ, 1000. ಅಪ್ಪಯ್ಯ ಆಗಲೇ ಕೊಟ್ಟಿಗೆಯಿಂದ ಹಳೆಯ ವೈರಿಂಗ್ ಪೈಪ್ ಹುಡುಕಿ ತಂದಿದ್ದಾರೆ. ಅಡಿಕೆ ಚೀಲದ ಹಿಂದೆ ಹೋಗುವ ಕೇಬಲ್‌ಗೆ ಅದನ್ನು ಹಾಕುವ ಕೆಲಸ ಬಾಕಿ ಇದೆ. ಏಣಿ ಹಿಡಿಯಲು ಕರೆಯುತ್ತಿದ್ದಾರೆ, ಹೋಗಿ ಬರುತ್ತೇನೆ.