ಬಿಟ್ಟವರ ಲೆಕ್ಕ
(ವಿಜಯಪುರದಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಲಕ್ವಾ ಹೊಡೆದವರಿಗೆ ವ್ಯಾಯಾಮದಿಂದ ಎಷ್ಟು ಅನುಕೂಲವಾಗುತ್ತದೆ ಎಂಬುದರ ಮೇಲೆ ನಿಮ್ಮಲ್ಲಿ ಹಲವರು ಪ್ರಬಂಧ ಬರೆಯಲಿದ್ದೀರಿ. ಇವತ್ತು ನಾನು ವ್ಯಾಯಾಮಕ್ಕಿಂತ ಮುಂಚಿನ ಕೆಲಸದ ಬಗ್ಗೆ ಮಾತಾಡುತ್ತೇನೆ. ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು?

ಕೆಲವರನ್ನು ಬಿಡಲೇಬೇಕು. ಎದೆನೋವು ಹತೋಟಿಗೆ ಬಾರದವರು, ಬಿ.ಪಿ. ಇಳಿಯದವರು, ಹೃದಯದ ಕವಾಟ ತೀರಾ ಕಿರಿದಾದವರು. ಮೆದುಳಿನ ರಕ್ತನಾಳ ಕಟ್ಟಿದವರಲ್ಲಿ ಹೃದಯದ ತೊಂದರೆಯೂ ಹೆಚ್ಚು. ಇಸಿಜಿ ನೋಡದೆ ಯಾರನ್ನೂ ಟ್ರೆಡ್‌ಮಿಲ್ ಹತ್ತಿಸಬೇಡಿ.

ಲಕ್ವಾ ಆಗಿ ಎಷ್ಟು ದಿನವಾಯಿತು ಎಂಬುದನ್ನೂ ನೋಡಬೇಕು. ಲಕ್ವಾ ಆದವರನ್ನು ಬೇಗ ಎಬ್ಬಿಸಿ ಓಡಾಡಿಸುವ ಬಗ್ಗೆ 2015ರಲ್ಲಿ ಪ್ರಕಟವಾದ ಅವರ್ಟ್ (AVERT) ಎಂಬ ಅಧ್ಯಯನದಲ್ಲಿ 5 ದೇಶಗಳ 2104 ರೋಗಿಗಳಿದ್ದರು. 24 ಗಂಟೆಯೊಳಗೇ ಎಬ್ಬಿಸಿ ಮತ್ತೆ ಮತ್ತೆ ಓಡಾಡಿಸಿದ ಗುಂಪಿನಲ್ಲಿ, 3 ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡವರು ಮಾಮೂಲಿ ಆರೈಕೆಯ ಗುಂಪಿಗಿಂತ ಕಡಿಮೆಯಿದ್ದರು. ಆ ಫಲಿತಾಂಶ ಮೊದಲ ದಿನದ ರೋಗಿಯದ್ದು. ವರ್ಷ ಕಳೆದವರಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ. ನಿಮ್ಮ ಸಣ್ಣ ಅಧ್ಯಯನದಲ್ಲಿ ಹತ್ತು ದಿನದವರನ್ನೂ ಎರಡು ವರ್ಷದವರನ್ನೂ ಬೆರೆಸಿದರೆ, ತಾನಾಗಿ ಬಂದ ಚೇತರಿಕೆ ಯಾವುದು, ವ್ಯಾಯಾಮದಿಂದ ಬಂದದ್ದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಇಷ್ಟನ್ನು ಪುಸ್ತಕವೂ ಹೇಳುತ್ತದೆ. ನನ್ನನ್ನು ಇಂದಿಗೂ ಕಾಡುವುದು ಸಿಂದಗಿ ಕಡೆಯ ಒಬ್ಬ ತಾಯಿ. ಬಲಗೈ ಬಲಗಾಲು ಬಿದ್ದಿದ್ದವು, ಮಾತು ನಿಂತಿತ್ತು. "ಅವ್ವಗ ಎಲ್ಲಾ ತಿಳೀತದ್ರೀ, ಮಾತಷ್ಟ ಬರಂಗಿಲ್ಲ" ಅಂದ ಮಗ. ನಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳುವ ನಿಯಮದಂತೆ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ 30ಕ್ಕೆ 24 ಅಂಕ ಬರಬೇಕಿತ್ತು. ಅದರಲ್ಲಿ ಓದುವುದಿದೆ, ಒಂದು ವಾಕ್ಯ ಬರೆಯುವುದಿದೆ. ಶಾಲೆಯ ಕಟ್ಟೆ ಹತ್ತದ ಆಕೆಗೆ ಅಂಕ ಬರಲಿಲ್ಲ, ಕೈಬಿಟ್ಟೆವು. ಆದರೆ ನಾನು ಕೈಸನ್ನೆಯಲ್ಲಿ ತೋರಿಸಿದ ಮೂರು ಚಲನೆಗಳನ್ನು ಆಕೆ ಎಡಗೈಯಿಂದ ಒಂದಾದ ಮೇಲೊಂದು ಮಾಡಿ ತೋರಿಸಿದ್ದರು. ವ್ಯಾಯಾಮ ಕಲಿಯಲು ಅಷ್ಟು ಸಾಕಾಗಿತ್ತು. ನಿಯಮ ಮಾಡುವಾಗ ನಾನು ಅದನ್ನು ಯೋಚಿಸಿರಲಿಲ್ಲ.

ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಭಾಷೆಯ ತೊಂದರೆ ಇರುತ್ತದೆ. ಅವರನ್ನೆಲ್ಲ ಹೊರಗಿಟ್ಟು ತೆಗೆದ ಫಲಿತಾಂಶವನ್ನು ನಾಳೆ ಅವರ ಮೇಲೇ ಪ್ರಯೋಗಿಸುತ್ತೇವೆ. ಆದ್ದರಿಂದ ಚಿತ್ರ ತೋರಿಸಿ, ಮಾಡಿ ತೋರಿಸಿ, ಅರ್ಥವಾಯಿತೇ ಎಂದು ಪರೀಕ್ಷಿಸಿ. ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ನಿಷ್ಪಕ್ಷಪಾತಿ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಲು ಅವಕಾಶವಿದೆ. ಓದು ಬರದಿರುವುದು ಬಿಡಲು ಕಾರಣವಾಗಬಾರದು.

ಇನ್ನು ದೂರ. ವಾರಕ್ಕೆ ಮೂರು ದಿನ, ಎಂಟು ವಾರ ಎಂದು ಬರೆಯುವುದು ಸುಲಭ. ತಾಳಿಕೋಟೆಯಿಂದ ಬರುವ ರೋಗಿಗೆ ಜೊತೆಗೊಬ್ಬರು ಬೇಕು, ಅವರ ಕೂಲಿ ಹೋಗುತ್ತದೆ. ಬಿಳಿಜೋಳದ ಸುಗ್ಗಿಯಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಗಂಡಸರನ್ನು ಹೇಗಾದರೂ ಕರೆತರುತ್ತಾರೆ, ಹೆಣ್ಣುಮಕ್ಕಳು ಉಳಿದುಬಿಡುತ್ತಾರೆ. ಬಸ್ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಇಡಿ, ಕೆಲವು ದಿನ ನೀವೇ ಊರಿಗೆ ಹೋಗಿ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಪರೀಕ್ಷಿಸಿ ಬಿಟ್ಟ ಪ್ರತಿಯೊಬ್ಬರ ವಯಸ್ಸು, ಲಿಂಗ, ಬಿಟ್ಟ ಕಾರಣ ಅದರಲ್ಲಿರಲಿ. "ಒಪ್ಪಲಿಲ್ಲ" ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ಬಸ್ಸಿರಲಿಲ್ಲವೋ, ಜೊತೆಗೆ ಬರುವವರಿರಲಿಲ್ಲವೋ, ಭಯವಿತ್ತೋ, ಕೇಳಿ ಬರೆದುಕೊಳ್ಳಿ.